ಎಣಿಸದೆ ಬಿಟ್ಟ ಒಲೆ

ಎರಡು ವರ್ಷಗಳಿಂದ ತರಬೇತಿಗಳಲ್ಲಿ ನಾನೊಂದು ಕಥೆ ಹೇಳುತ್ತ ಬಂದಿದ್ದೇನೆ. ರಾಯಬಾಗದಲ್ಲಿ ಹೇಳಿದ್ದೇನೆ, ಅಥಣಿಯಲ್ಲಿ ಹೇಳಿದ್ದೇನೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಮುಂದೆಯೂ ಹೇಳಿದ್ದೇನೆ. ‘ಹೊಳೆ ದಂಡೆಯ ಒಂದೂರಲ್ಲಿ ಒಬ್ಬ ಕಾರ್ಯಕರ್ತೆ ಹೀಗೆ ಮಾಡಿದಳಂತೆ’ ಎಂದು ಅದು ಶುರುವಾಗುತ್ತದೆ. ಕೇಳಿದವರು ಲೊಚಗುಟ್ಟುತ್ತಾರೆ. ನಿಪ್ಪಾಣಿಯಲ್ಲಿ ಒಬ್ಬಾಕೆ ಎದ್ದು ನಿಂತು, “ಅಕೀಗಿ ಮನಸರ ಹೆಂಗ ಬಂತ್ರಿ?” ಎಂದು ನೇರವಾಗಿ ಕೇಳಿದಳು. ನಾನು ಬಾಟಲಿಯ ನೀರು ಕುಡಿದು ಮುಂದಿನ ಪಾಠಕ್ಕೆ ಹೋದೆ.

ಆ ಕಾರ್ಯಕರ್ತೆ ನಾನೇ. ಇಷ್ಟು ಬರೆಯುವುದಕ್ಕೆ ಎರಡು ವರ್ಷ ಬೇಕಾಯಿತು ಎಂಬುದು ಇನ್ನೊಂದು ನಾಚಿಕೆ.

ನಮ್ಮ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಚಿಕ್ಕೋಡಿಯ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ, ಕೂಗಿ ಕೂಗಿ ಗಂಟಲು ಕೆಟ್ಟ ಮೇಲೆ ನಾನು ಒಂದು ಸಂಸ್ಥೆ ಸೇರಿದೆ. ಅಲ್ಲಿ ನಾವು ಊರುಗಳ ಭವಿಷ್ಯ ಬರೆಯುತ್ತೇವೆ. ಹೀಗೆ ಹೇಳಿದಾಗ ನನ್ನ ಅತ್ತೆ, “ಮತ್ತ ಗಿಣಿ ಎಲ್ಲೈತಿ?” ಎಂದು ಕೇಳಿದ್ದರು. ಗಿಣಿಶಾಸ್ತ್ರವಲ್ಲ ಅದು. ಮುಂದೆ ಹೀಗೇ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಹೀಗಾದರೆ ಏನು, ಹಾಗಾದರೆ ಏನು ಎಂದು ಊರವರ ಜೊತೆ ಕೂತು ಮಾತಾಡಿ, ಮೂರೋ ನಾಲ್ಕೋ ಚಿತ್ರ ಬರೆಯುತ್ತೇವೆ. ಹೊಳೆ ಪ್ರತಿ ವರ್ಷ ಊರೊಳಗೆ ಬಂದರೆ ಏನು? ಅರ್ಧ ಊರು ಎದ್ದು ಹೋಗಿ ಅರ್ಧ ಉಳಿದರೆ ಏನು? ಇಡೀ ಊರು ಎತ್ತರದ ಬರಡು ನೆಲಕ್ಕೆ, ಮಡ್ಡಿಗೆ, ಹೋಗಿ ಕೂತರೆ ಏನು? ಎಲ್ಲರೂ ನೀರಿನ ಲೆಕ್ಕ ಬರೆಯುತ್ತಾರೆ, ನೀವು ಮನುಷ್ಯರ ಲೆಕ್ಕ ಬರೆಯಿರಿ ಎಂದು ನಮಗೆ ಕಲಿಸಿದ್ದರು. ಮಡ್ಡಿಗೆ ಹೋದ ಮೇಲೆ ಯಾರ ಪಕ್ಕದಲ್ಲಿ ಯಾರು ಇರುತ್ತಾರೆ, ಹೆಣ್ಣುಮಕ್ಕಳು ಸಂಜೆ ಎಲ್ಲಿ ಕೂತು ಮಾತಾಡುತ್ತಾರೆ, ಕೈಲಾಗದವರನ್ನು ಯಾರು ನೋಡುತ್ತಾರೆ, ಇಂಥವು. ನನಗೆ ಈ ಕೆಲಸ ತುಂಬ ಹಿಡಿಸಿತ್ತು. ಶಾಲೆಯಲ್ಲಿ ಯಾರೂ ಕೇಳದ ನನ್ನ ಮಾತನ್ನು ಇಲ್ಲಿ ದೊಡ್ಡ ದೊಡ್ಡ ರೈತರು ತಲೆದೂಗಿ ಕೇಳುತ್ತಿದ್ದರು. ಅದರ ಅಮಲು ನನಗೆ ಏರಿತ್ತು, ಸುಳ್ಳು ಹೇಳುವುದಿಲ್ಲ.

ಆ ಊರು ಕಾಗವಾಡದ ಕಡೆ, ಶಿರಗುಪ್ಪಿಯಿಂದ ಮುಂದೆ ಹೊಳೆಯ ದಿಕ್ಕಿಗೆ. ಹೆಸರು ಬರೆಯುವುದಿಲ್ಲ. ಎರಡೂ ಬದಿ ಕಬ್ಬು, ನಡುವೆ ದಾರಿ, ದಾರಿ ಮುಗಿದಲ್ಲಿ ಊರು. ಮಹಾಪೂರ ಬಂದಾಗಲೆಲ್ಲ ಆ ಊರಿನವರು ದನಕರು, ಟ್ರಂಕು ಕಟ್ಟಿಕೊಂಡು ಮಡ್ಡಿಯ ಮೇಲಿನ ಶಾಲೆಗೆ ಹೋಗಿ ಇರುತ್ತಾರೆ. ನೀರಿಳಿದ ಮೇಲೆ ಬಂದು ಕೆಸರು ಬಾಚುತ್ತಾರೆ. ಬಾಚಿ ಬಾಚಿ ಬೇಸತ್ತವರು ಆ ಬೇಸಿಗೆಯಲ್ಲಿ ನಮ್ಮನ್ನು ಕರೆಸಿಕೊಂಡಿದ್ದರು. ನನ್ನ ಜೊತೆ ಇನ್ನೊಬ್ಬಳಿದ್ದಳು. ಮೈಸೂರು ಕಡೆಯವಳು, ನಕ್ಷೆ ತೆಗೆಯುವುದರಲ್ಲಿ ಪಳಗಿದವಳು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬದವಳು. ನನಗೂ ಅವಳಿಗೂ ಅಷ್ಟಕ್ಕಷ್ಟೆ. ನಮ್ಮ ಕಡೆಯ ಮಂದಿ ಅವಳಿಗೆ ಅರ್ಥವಾಗುವುದಿಲ್ಲ ಎಂದು ನಾನು ಸಿಕ್ಕಸಿಕ್ಕಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ಊರಲ್ಲಿ ನಮಗೆ ಜಾಗ ಕೊಟ್ಟವರು ಒಬ್ಬ ಜೈನ ರೈತರು. ಅರವತ್ತರ ಹತ್ತಿರದವರು, ಊರ ಕಮಿಟಿಯ ಹಿರಿಯರು. ಎಲ್ಲರೂ ಅಣ್ಣಾರ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಳ್ಳೆಯ ಮನುಷ್ಯ. ಹಿಂದಿನ ಮಹಾಪೂರದಲ್ಲಿ ಯಾರ ಜಾತಿ ಯಾವುದೆಂದು ಕೇಳದೆ ತಮ್ಮ ಟ್ರ್ಯಾಕ್ಟರಿನಲ್ಲಿ ಕೇರಿ ಕೇರಿಯನ್ನೇ ಮಡ್ಡಿಗೆ ಸಾಗಿಸಿದ್ದರು. ಅವರ ಮನೆಯ ಪಡಸಾಲೆಯಲ್ಲಿ ನೂರು ಮಂದಿ ಕೂರಬಹುದು. ನಮ್ಮ ಆಟ ಅಲ್ಲೇ ನಡೆಯಬೇಕಿತ್ತು. ಆಟ ಎಂದೇ ನಾವು ಅದನ್ನು ಕರೆಯುತ್ತಿದ್ದೆವು, ಜನ ಹೆದರಬಾರದೆಂದು. ನೆಲದ ಮೇಲೆ ರಂಗೋಲಿ ಪುಡಿಯಿಂದ ಮಡ್ಡಿಯ ಹೊಸ ಊರು ಬರೆಯುವುದು, ಒಂದೊಂದು ಮನೆಗೆ ಒಂದೊಂದು ಹರಳು ಇಡುವುದು, ಆಮೇಲೆ ಎಲ್ಲರೂ ಸೇರಿ ಹರಳುಗಳನ್ನು ಅತ್ತಿತ್ತ ಸರಿಸಿ ವಾದ ಮಾಡುವುದು.

ಮನೆ ಎಂದರೆ ಯಾವುದು ಎಂಬ ಪ್ರಶ್ನೆ ಬಂದಾಗ ಒಲೆ ಎಣಿಸೋಣ ಎಂದದ್ದು ನಾನು. ಒಂದೇ ರೇಷನ್ ಕಾರ್ಡಿನಲ್ಲಿ ಮೂರು ಸಂಸಾರ ಇರುತ್ತವೆ, ಮೂರು ಕಾರ್ಡಿನವರು ಒಂದೇ ಪಡಸಾಲೆಯಲ್ಲಿ ಉಣ್ಣುತ್ತಾರೆ. ಕಾಗದ ಏನು ಬೇಕಾದರೂ ಹೇಳುತ್ತದೆ, ಹೊಗೆ ಸುಳ್ಳು ಹೇಳುವುದಿಲ್ಲ ಎಂದು ನಾನು ಸಭೆಯಲ್ಲಿ ಭಾಷಣ ಬೇರೆ ಮಾಡಿದೆ. ಎಲ್ಲರೂ ಮೆಚ್ಚಿದರು. ಮೈಸೂರಿನವಳು ಕೂಡ ಬರೆದುಕೊಂಡಳು.

ಇನ್ನು ಆ ಒಲೆಯ ವಿಷಯ. ಅಣ್ಣಾರ ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆಗೆ ತಾಗಿ ತಗಡು ಹೊದಿಸಿದ ಒಂದು ಚಪ್ಪರದಂಥ ಖೋಲಿ ಇತ್ತು. ಅಲ್ಲಿ ಅವರ ತೀರಿಕೊಂಡ ಅಣ್ಣನ ಹೆಂಡತಿ ಇರುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ. ಅಣ್ಣಾರು ಈ ಅತ್ತಿಗೆಯನ್ನು ವೈನಿ ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ನಾನೂ ವೈನಿ ಎಂದೆ. ಖೋಲಿಯಲ್ಲಿ ಒಂದು ಒಲೆ, ನಾಲ್ಕು ಪಾತ್ರೆ, ನೀರು ಸೋಸುವ ಬಿಳಿ ಬಟ್ಟೆ ಕಟ್ಟಿದ ಒಂದು ಕೊಡ. ಕೇಳಿದರೆ ಮನೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ವೈನೀದು ನೇಮ ಐತ್ರಿ, ತಮ್ಮದು ತಾವ ಮಾಡ್ಕೊಂಡು ಒಪ್ಪತ್ತು ಉಣ್ತಾರ.”

ನೇಮದ ಒಲೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಅಂಥದ್ದೇ ಮನೆಯಲ್ಲಿ ಹುಟ್ಟಿದವಳು. ನಮ್ಮ ದೊಡ್ಡವ್ವನೊಬ್ಬಳು ಹಾಗೆ ಬೇರೆ ಬೇಯಿಸಿಕೊಳ್ಳುತ್ತಿದ್ದಳು. ಅವಳ ಭಕ್ತಿ ದೊಡ್ಡದೆಂದು ಸಣ್ಣವಳಿದ್ದಾಗ ತಿಳಿದಿದ್ದೆ. ನನ್ನ ಮದುವೆಯ ಹೊತ್ತಿಗೆ ನಿಜ ಗೊತ್ತಾಯಿತು. ನಮ್ಮಂಥ ಮನೆಗಳಲ್ಲಿ ಒಂದೇ ಒಲೆ ಉರಿಯುವುದು ದೊಡ್ಡ ಮರ್ಯಾದೆ. ಅಣ್ಣ ತಮ್ಮಂದಿರು ಬೇರೆಯಾದರೆ ಊರು ಆಡಿಕೊಳ್ಳುತ್ತದೆ. ಗಂಡನಿಲ್ಲದ ಹೆಣ್ಣು ಬೇರೆಯಾದಳೆಂದರಂತೂ ಹೊರಹಾಕಿದರು ಎಂದೇ ಅರ್ಥ ಮಾಡುತ್ತದೆ. ಹಾಗಾಗಿ ಅವಳು ನೇಮ ಹಿಡಿದಿದ್ದಾಳೆ ಎನ್ನುತ್ತಾರೆ. ಅವಳೂ ಹೂಂ ಎನ್ನುತ್ತಾಳೆ. ಊರಿಗೆಲ್ಲ ನಿಜ ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಇದರಲ್ಲಿ ಒಂದು ರೀತಿಯ ದಯೆಯೂ ಇದೆ, ಇಲ್ಲವೆನ್ನಲಾರೆ. ಹೊರಗಿನವರಿಗೆ ಇದು ತಿಳಿಯದು. ನನಗೆ ತಿಳಿಯುತ್ತದೆ ಎಂಬುದೇ ನನ್ನ ಹಮ್ಮು.

ಆಟದ ದಿನ ಬೆಳಿಗ್ಗೆ ನಾನು ಆ ಖೋಲಿಗೆ ಹೋದೆ. ವೈನಿ ರೊಟ್ಟಿ ಬಡಿಯುತ್ತಿದ್ದರು. ಕೂರಲು ಮಣೆ ಕೊಟ್ಟರು. ಅದು ಇದು ಮಾತಾಡಿದೆವು. ಹೊಳೆ, ಬಿಸಿಲು, ನನ್ನ ಸೀರೆ. ಒಂದು ರೊಟ್ಟಿ ಬೆಂದು ಇನ್ನೊಂದು ಬಡಿಯುವ ನಡುವೆ, ತಲೆ ಎತ್ತದೆ ಅವರು ಕೇಳಿದರು.

“ಅಕ್ಕಾರ, ಇವತ್ತು ಒಲಿ ಎಣಸ್ತೀರಂತ ಖರೇನ್ರಿ?”

“ಹೌದ್ರಿ ವೈನಿ.”

“ನನ್ನ ಒಲಿ ಬ್ಯಾರೆ ಬರಕೋರಿ.”

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು.

“ನೇಮ ಅಲ್ಲರಿ ಇದು. ನಿಮಗೂ ಗೊತ್ತಿರಬೇಕು. ಮಗಳ ಲಗ್ನ ಇವರು ಎಲ್ಲೋ ಗಟ್ಟಿ ಮಾಡಿದ್ರು, ಅಕಿ ಒಲ್ಲೆ ಅಂದ್ಲು, ನಾನೂ ಒಲ್ಲೆ ಅಂದೆ. ನರ್ಸ್ ಕಲೀತೇನಂತ ಮಿರಜಕ್ಕ ಹೋದ್ಲು. ಅವತ್ತಿನಿಂದ ಈ ಮನಿ ಹೊಸ್ತಲಾ ಅಕೀಗಿ ಬಂದ್ ಆತು, ನನ್ನ ಒಲಿ ಹಿತ್ತಲಕ್ಕ ಬಂತು. ಈಗ ಅಲ್ಲೇ ಕೆಲಸಕ್ಕದಾಳ. ಸೂಟಿ ಸಿಕ್ರ ಹಿತ್ತಲ ಬಾಗಲದಿಂದ ಇಲ್ಲಿ ಬರ್ತಾಳ. ಒಂದು ದಿನಾ ಇರ್ತಾಳ, ಉಣ್ತಾಳ, ಹೋಗ್ತಾಳ. ಮಡ್ಡಿಗಿ ಹ್ವಾದ ಮ್ಯಾಲ ಹಿತ್ತಲಾ ಎಲ್ಲಿರ್ತೈತ್ರಿ? ಅಕಿ ಎಲ್ಲಿ ಬರಬೇಕು?”

ಇಷ್ಟು ಮಾತನ್ನು ಅವರು ಯಾರ ಮುಂದೂ ಆಡಿರಲಿಲ್ಲ ಎಂದು ಆಗಲೇ ನನಗೆ ಅನಿಸಿತು. ಕೈಗೆ ಮೆತ್ತಿದ ಹಿಟ್ಟನ್ನು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದರು. ನಾನೇನು ಹೇಳಿದೆ? ಇದು ಬರೀ ಆಟ ಅಂದೆ. “ಇದು ಆಟ ಐತ್ರಿ ವೈನಿ, ಲಿಸ್ಟ್ ಅಲ್ಲ. ಖರೇ ಲಿಸ್ಟ್ ಆಗೂವಾಗ ಯಾರರ ಕೇಳಾಕ ಬರ್ತಾರ, ಅವರ ಮುಂದ ಹೇಳ್ರಿ. ಈಗ ಯಾಕ ಸುಮ್ಮ ಮನ್ಯಾಗ ಕಿರಿಕಿರಿ.” ಹಾಗೆಂದರೂ, ನೋಡ್ತೇನಿ ಬಿಡ್ರಿ, ಅಂತಲೂ ಸೇರಿಸಿದೆ. ನೋಡ್ತೇನಿ ಎನ್ನುವ ಮಾತು ನಮ್ಮ ಕಡೆ ಎಷ್ಟು ಅಗ್ಗ ಎಂದು ಬಲ್ಲವರೇ ಬಲ್ಲರು. ಆದರೆ ವೈನಿ ಅದನ್ನು ನಂಬಿದರು. ಅವರ ಮುಖ ಹಗುರಾದದ್ದನ್ನು ನಾನು ಕಂಡೆ.

ಮಧ್ಯಾಹ್ನ ಅಣ್ಣಾರ ಮನೆಯಲ್ಲಿ ನಮಗೆ ಹೋಳಿಗೆ ಊಟ. ತುಪ್ಪ ಬೇಡವೆಂದರೂ ಬಿಡದೆ ಬಡಿಸಿದರು. ಉಂಡೆದ್ದು ಆಟ ಶುರು ಮಾಡಿದೆವು.

ಪಡಸಾಲೆಯ ತುಂಬ ಜನ. ಮುಂದೆ ಗಂಡಸರು, ಹಿಂದೆ ಹೆಂಗಸರು, ಹಿತ್ತಲ ಬಾಗಿಲಲ್ಲಿ ವೈನಿ ನಿಂತಿದ್ದರು. ಮೈಸೂರಿನವಳು ಕೇರಿಯಿಂದ ಕೇರಿಗೆ ಹೆಸರು ಕೂಗುತ್ತ ಹರಳು ಇಡುತ್ತ ಬಂದಳು. ಒಂದೊಂದು ಹರಳಿಗೂ ನಗು, ಜಗಳ, ತಮಾಷೆ. ಅಣ್ಣಾರ ಮನೆ ಬಂದಾಗ ಅವಳು ಪಕ್ಕಪಕ್ಕಕ್ಕೆ ಎರಡು ಹರಳು ಇಟ್ಟಳು.

ಅಣ್ಣಾರು ನಕ್ಕರು. ಸಿಟ್ಟಿರಲಿಲ್ಲ ಅವರ ನಗೆಯಲ್ಲಿ. “ಒಂದು ಹೆಚ್ಚಾತ್ರಿ ಬಾಯಾರ. ನಮ್ಮನ್ಯಾಗ ಒಂದ ಒಲಿ.”

“ಹಿಂದೆ ಇನ್ನೊಂದು ಇದೆಯಲ್ಲ ಸರ್, ನಾನೇ ನೋಡಿದೆ,” ಎಂದಳು ಅವಳು.

“ಅದು ನೇಮದ್ದು.”

“ನೇಮದ್ದಾದರೂ ಒಲೆಯೇ ತಾನೆ? ಮೇಡಂ, ಹೊಗೆ ಸುಳ್ಳು ಹೇಳೋದಿಲ್ಲ ಅಂತ ನೀವೇ ಹೇಳಿದ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅವಳಿಗೆ ಗೊತ್ತಿಲ್ಲದ್ದು ಆ ಜನಕ್ಕೆಲ್ಲ ಗೊತ್ತಿತ್ತು. ನಾನು ಅವರ ಪೈಕಿಯೋ ಅವಳ ಪೈಕಿಯೋ ಎಂದು ಅವರು ನೋಡುತ್ತಿದ್ದರು. ಹಾಗಂತ ಈಗ ಅನಿಸುತ್ತದೆ. ಆಗ ನನಗೆ ಅನಿಸಿದ್ದು ಇಷ್ಟೇ: ಈ ಹೊರಗಿನವಳು ನನ್ನ ಮಂದಿಯ ಮುಂದೆ ನನ್ನನ್ನು ಸಿಕ್ಕಿಸಿಹಾಕಿದಳು. ಉಂಡ ಮನೆಯ ಯಜಮಾನ ತುಂಬಿದ ಸಭೆಯಲ್ಲಿ ಮುಜುಗರಪಡುತ್ತಿದ್ದಾನೆ. ಏನಾದರೂ ಹೇಳಿ ನಗಿಸಿಬಿಡಬೇಕು.

ನಗಿಸುವುದು ನನಗೆ ಚೆನ್ನಾಗಿ ಬರುತ್ತದೆ. ಬಗ್ಗಿ ಎರಡನೆಯ ಹರಳನ್ನು ಎತ್ತಿಕೊಂಡೆ. “ಅದು ದೇವರಿಗೆ ಬಿಟ್ಟ ಒಲಿರಿ,” ಎಂದೆ. “ಅದಕ್ಕ ಜಾಗಾ ದೇವರ ಕೊಡ್ತಾನ.”

ಎಲ್ಲರೂ ನಕ್ಕರು. ಅಣ್ಣಾರು ತೊಡೆ ತಟ್ಟಿ ನಕ್ಕರು. ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಮೈಸೂರಿನವಳು ಮಾತ್ರ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಮುಂದಿನ ಹೆಸರು ಕೂಗಿದಳು. ನಾನು ಬಾಗಿಲ ಕಡೆ ನೋಡಲಿಲ್ಲ. ನೋಡಬಾರದೆಂದು ಗೊತ್ತಿತ್ತು ನನಗೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ದಾರಿಯೇ ಇಲ್ಲದಿರುವುದು ಇದರಿಂದಲೇ. ಮತ್ತೆ ಆ ಕಡೆ ಕಣ್ಣು ಹಾಯಿಸಿದಾಗ ಅಲ್ಲಿ ಯಾರೂ ಇರಲಿಲ್ಲ.

ಹೊರಡುವಾಗ ಖೋಲಿಗೆ ಹೋಗಿ ಹೇಳಿ ಬರಬೇಕಿತ್ತು. ಬಸ್ಸಿನ ಹೊತ್ತಾಯಿತೆಂದು ಮುಂಬಾಗಿಲಿನಿಂದಲೇ ಹೊರಟುಬಿಟ್ಟೆ. ಮಾಂಜರಿಯ ಸೇತುವೆ ದಾಟುವಾಗ ಜೊತೆಗಾತಿ, “ಎರಡು ಒಲೆ ಇತ್ತು ಮೇಡಂ,” ಎಂದಳು. “ನಿಮಗೆ ತಿಳಿಯೂದಿಲ್ಲ ಬಿಡ್ರಿ, ನಮ್ಮ ಕಡೆ ಪದ್ಧತಿ ಅದು,” ಎಂದು ನಾನು ಬಾಯಿ ಮುಚ್ಚಿಸಿದೆ.

ಇದಕ್ಕಿಂತ ಹೇಸಿಗೆಯದು ಇನ್ನು ಮುಂದಿದೆ. ಒಂದೊಂದು ಭವಿಷ್ಯಕ್ಕೂ ಒಂದೊಂದು ಕಥೆ ಬರೆಯುವುದು ನಮ್ಮ ಕ್ರಮ. ಹಾಗೆ ಆದರೆ ಅಲ್ಲಿ ಒಬ್ಬ ಮನುಷ್ಯನ ಒಂದು ದಿನ ಹೇಗಿರುತ್ತದೆ ಎಂದು ಓದುವವರಿಗೆ ಕಾಣಿಸಬೇಕು. ಮಡ್ಡಿಯ ಹೊಸ ಊರಿನ ಕಥೆ ಬರೆಯಲು ಕೂತಾಗ ನನಗೆ ಬೇರೆ ಯಾರೂ ಹೊಳೆಯಲಿಲ್ಲ, ವೈನಿಯೇ ಹೊಳೆದರು. ಒಬ್ಬ ವಿಧವೆಯನ್ನು ಬರೆದೆ. ಅವಳಿಗೆ ಊರ ಮೂಲೆಯಲ್ಲಿ, ನಳದ ಹತ್ತಿರ, ಎರಡು ಖೋಲಿಯ ಸ್ವಂತ ಮನೆ ಕೊಟ್ಟೆ. ಮಗಳು ಬಸ್ಸಿಳಿದು ಮುಂಬಾಗಿಲಿನಿಂದ ಒಳಗೆ ಬರುತ್ತಾಳೆ, ಅವ್ವ ಅವಳಿಗೆ ಬಿಸಿ ರೊಟ್ಟಿ ಹಾಕಿಕೊಡುತ್ತಾಳೆ. ಬರೆಯುತ್ತ ನನ್ನ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ನನ್ನ ಬಗ್ಗೆಯೇ ನನಗೆ ಮೆಚ್ಚುಗೆಯಾಯಿತು.

ವರದಿ ಬೆಳಗಾವಿಯ ಒಂದು ಸಭೆಯಲ್ಲಿ ಓದಲಾಯಿತು. ಎಲ್ಲಕ್ಕಿಂತ ಆ ಕಥೆಯೇ ಮನ ಮುಟ್ಟಿತು ಎಂದರು. ಮನುಷ್ಯರನ್ನು ಮರೆಯದ ಬರವಣಿಗೆ ಎಂದು ಒಬ್ಬರು ಹೊಗಳಿದರು. ಆ ಕಥೆಯ ಎದುರಿನ ಪುಟದಲ್ಲೇ ಊರ ನಕ್ಷೆಯಿತ್ತು. ಕಥೆಯ ವಿಧವೆಯ ಮನೆ ಆ ನಕ್ಷೆಯಲ್ಲಿ ಎಲ್ಲಿದೆ ಎಂದು ಯಾರೂ ಹುಡುಕಲಿಲ್ಲ. ನಾನಂತೂ ಆ ಪುಟವನ್ನು ಬೇಗ ಮಗುಚಿದೆ.

ಆ ಮಳೆಗಾಲದಲ್ಲಿ ಹೊಳೆ ಮತ್ತೆ ಬಂತು. ಜನ ಮಡ್ಡಿಯ ಶಾಲೆಯಲ್ಲಿ ವಾರಗಟ್ಟಲೆ ಇದ್ದರು. ಅಣ್ಣಾರ ಮನೆಯ ಗೋಡೆಗಳು ನಿಂತವು, ಹಿತ್ತಲ ಖೋಲಿ ಮೊದಲ ದಿನವೇ ಕುಸಿಯಿತು. ನೀರಿಳಿಯುವ ಮೊದಲೇ ಕೆಲವು ದಾನಿಗಳು ಸೇರಿ ಮಡ್ಡಿಯ ಮೇಲೆ ಜಾಗ ಕೊಂಡು ಊರ ಕಮಿಟಿಗೆ ಒಪ್ಪಿಸಿದರು. ಮನೆಗಳನ್ನೂ ತಾವೇ ಕಟ್ಟಿಸಿಕೊಡುತ್ತೇವೆ, ಯಾರಿಗೆ ಯಾವುದು ಎಂದು ಊರವರೇ ಕೂತು ತೀರ್ಮಾನಿಸಿರಿ ಎಂದರು. ಊರವರಿಗೆ ಹೊಸದಾಗಿ ಕೂರುವ ತಾಪತ್ರಯ ಇರಲಿಲ್ಲ. ತೀರ್ಮಾನ ಆಗಲೇ ಆಗಿತ್ತಲ್ಲ. ಎಲ್ಲರ ಎದುರಿಗೆ, ಹೆಂಗಸರನ್ನೂ ಕೂರಿಸಿಕೊಂಡು, ಒಲೆ ಎಣಿಸಿ ಮಾಡಿದ ನಕ್ಷೆ. ಒಂದು ಹರಳಿಗೆ ಒಂದು ಮನೆ.

ಖರೇ ಲಿಸ್ಟ್ ಬರೆಯಲು ಯಾರೋ ಬರುತ್ತಾರೆ ಎಂದಿದ್ದೆನಲ್ಲ, ಯಾರೂ ಬರಲಿಲ್ಲ. ಅದನ್ನು ಬರೆದವಳು ನಾನೇ ಆಗಿದ್ದೆ.

ನನಗೆ ಇದು ತಿಳಿದದ್ದು ಪಾಯ ಹಾಕಿದ ಮೇಲೆ, ಮೈಸೂರಿನವಳಿಂದ. ಅವಳು ಬೇರೆ ಕೆಲಸಕ್ಕೆ ಹೋಗಿದ್ದಳು, ಆದರೂ ಆ ಊರಿನವರಿಗೆ ಫೋನ್ ಮಾಡಿ ವಿಚಾರಿಸಿದ್ದಳು. “ಆ ಅಮ್ಮನಿಗೆ ಮನೆ ಇಲ್ಲವಂತೆ ಮೇಡಂ,” ಎಂದಷ್ಟೇ ಹೇಳಿದಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದೆ.

ಕಮಿಟಿ ಮಡ್ಡಿಯ ಶಾಲೆಯ ಒಂದು ಕೋಣೆಯಲ್ಲಿ ಸೇರಿತ್ತು. ಏಳೆಂಟು ಮಂದಿ, ಅಣ್ಣಾರೂ ಇದ್ದರು. ಚಹಾ ತರಿಸಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ: ನಕ್ಷೆಯಲ್ಲಿ ಒಂದು ತಪ್ಪಾಗಿದೆ, ಹಿತ್ತಲ ಒಲೆಯನ್ನು ಬೇರೆ ಹಿಡಿಯಬೇಕಿತ್ತು, ಇನ್ನೂ ಮೂರು ಮನೆಯ ಜಾಗ ಖಾಲಿ ಇದೆಯಂತೆ, ಒಂದನ್ನು ವೈನಿಯ ಹೆಸರಿಗೆ ಕೊಡಿ.

ಅವರಲ್ಲಿ ಒಬ್ಬರು, “ಅದಕ್ಕ ದೇವರು ಕೊಡ್ತಾನಂತ ನೀವ ಹೇಳಿದ್ರೆಲ್ಲರಿ ಅಕ್ಕಾರ,” ಎಂದರು. ಕುಹಕವಿರಲಿಲ್ಲ ಅದರಲ್ಲಿ. ನಿಜವಾಗಿಯೂ ಗೊಂದಲಪಟ್ಟು ಕೇಳಿದರು.

“ತಪ್ಪು ಹೇಳಿದೆ,” ಎಂದೆ. “ಅದು ನೇಮದ ಒಲಿ ಅಲ್ಲಂತ ನನಗ ಗೊತ್ತಿತ್ತು. ವೈನಿಯವರೇ ಅವತ್ತ ಮುಂಜಾನಿ ನನಗ ಹೇಳಿದ್ರು. ಗೊತ್ತಿದ್ದೂ ನಾನ ಹರಳು ತಗದೆ.”

ಅಣ್ಣಾರ ಮುಖ ಇಳಿಯಿತು. ಮನೆಯೊಳಗಿನ ಮಾತನ್ನು ಹೀಗೆ ಎಂಟು ಜನರ ನಡುವೆ ಬಿಚ್ಚಿಟ್ಟೆನೆಂದು ಆಗ ಹೊಳೆಯಿತು ನನಗೆ. ಅಂದು ತುಂಬಿದ ಸಭೆಯಲ್ಲಿ ನಿಜ ಮುಚ್ಚಿಟ್ಟವಳು, ಇಂದು ಕೇಳದೆಯೇ ಬಾಯಿ ಬಿಟ್ಟಿದ್ದೆ. ಬರುವ ಮೊದಲು ವೈನಿಯನ್ನು ಒಂದು ಮಾತು ಕೇಳಬೇಕೆಂದು ನನಗೆ ಅನಿಸಿರಲೇ ಇಲ್ಲ. ಅವರ ಪರವಾಗಿ ತೀರ್ಮಾನಿಸುವ ಚಟ ಇನ್ನೂ ಬಿಟ್ಟಿರಲಿಲ್ಲ.

ಅಣ್ಣಾರು ಚಹಾದ ಕಪ್ಪು ಕೆಳಗಿಟ್ಟು ಹೇಳಿದರು. “ವೈನಿ ಹಂಗಂತ ಹೇಳಿದ್ರ ನಂದೇನೂ ತಕರಾರಿಲ್ಲ. ಕರೀರಿ ಅವರನ್ನ. ಎಲ್ಲಾರ ಮುಂದ ಹೇಳ್ಲಿ. ಇವತ್ತ ಬರದು ಕೊಡೂನು.”

ಕರೆಸಿದರು. ವೈನಿ ಬಂದು ಬಾಗಿಲ ಬಳಿ ನಿಂತರು. ಸೊರಗಿದ್ದರು. ಮಹಾಪೂರದಿಂದ ಈಚೆಗೆ ಅಣ್ಣಾರ ಹೆಂಡತಿಯ ಜೊತೆಯಲ್ಲೇ ಅಡಿಗೆ, ಊಟ ಎಂದು ಆಮೇಲೆ ಗೊತ್ತಾಯಿತು. ಕಮಿಟಿಯವರು ಕೇಳಿದರು: “ವೈನಿ, ನಿಮ್ಮ ಒಲಿ ನೇಮದ್ದಾ, ಏನು ನೀವು ಬ್ಯಾರೆ ಇದ್ರಿ? ಈ ಅಕ್ಕಾರು ಬ್ಯಾರೆ ಅಂತಾರ.”

ಅವರು ನನ್ನ ಕಡೆ ನೋಡಲಿಲ್ಲ.

“ನೇಮದ್ದರಿ,” ಎಂದರು. “ಈಗ ಅದೂ ಬಿಟ್ಟೇನಿ.”

ಅಷ್ಟೇ ಹೇಳಿ ಹೊರಟುಹೋದರು. ನಾನು ಹಿಂದೆ ಓಡಿದೆ. ಶಾಲೆಯ ಅಂಗಳದ ನಳದ ಹತ್ತಿರ ಸಿಕ್ಕರು. “ವೈನಿ, ಯಾಕ್ರಿ ಹಿಂಗ ಮಾಡಿದ್ರಿ? ಅಣ್ಣಾರೂ ಒಪ್ಪಿದ್ರು, ಮನಿ ಸಿಗತಿತ್ತು,” ಎಂದು ಗದರಿಸುವವಳಂತೆ ಕೇಳಿದೆ. ಕೇಳುವ ಮುಖವಾದರೂ ಎಲ್ಲಿಂದ ಬಂತೋ ನನಗೆ.

ಅವರು ಕೊಡವನ್ನು ನಳದ ಕೆಳಗಿಟ್ಟರು.

“ಎಂಟು ಮಂದಿ ಗಂಡಸರ ಮುಂದ ನನ್ನ ಮೈದುನ ನನ್ನ ಹೊರಗ ಹಾಕ್ಯಾನಂತ ಹೇಳಬೇಕಿತ್ತೇನ್ರಿ? ಹೇಳಿ, ಅವರ ಮಗ್ಗಲದಾಗ ಮನಿ ಮಾಡಬೇಕಿತ್ತೇನ್ರಿ?” ದನಿ ಏರಲಿಲ್ಲ. “ಆ ಮಾತು ಬಾಯಿಗಿ ಬರಾಕ ನನಗ ಮೂರು ವರ್ಷ ಹಿಡೀತು. ನಿಮಗ ಹೇಳಿದ್ದೆ. ಅದಕ್ಕ ಎಲ್ಲಾರೂ ನಕ್ಕರು. ನಾ ಮತ್ತ ಹೆಂಗ ಹೇಳ್ಲಿ?”

ತಪ್ಪಾಯಿತು ಎಂದೆ. ಆಗಲಿ ಬಿಡ್ರಿ ಎಂದರು. ಕೊಡ ತುಂಬಿತ್ತು; ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದರು. ಕಮಿಟಿ ನಕ್ಷೆಯನ್ನು ಹಾಗೆಯೇ ಮುಂದುವರಿಸಿತು. ನಮ್ಮ ಸಂಸ್ಥೆಯಲ್ಲಿ ನಾನು ಈ ವಿಷಯ ಎತ್ತಿದೆ. ಎಲ್ಲರಿಗೂ ಬೇಸರವಾಯಿತು. ಇದರಿಂದ ಕಲಿಯೋಣ, ತರಬೇತಿಯಲ್ಲಿ ಸೇರಿಸೋಣ ಎಂದರು. ಹಾಗೆ ಹುಟ್ಟಿದ್ದು ಒಬ್ಬ ಕಾರ್ಯಕರ್ತೆಯ ಕಥೆ. ಹೆಸರು ಬಿಟ್ಟು ಹೇಳೋಣ ಎಂದವಳು ನಾನು. ಊರವರಿಗೆ ಮುಜುಗರವಾಗಬಾರದು ಎಂದು ಕಾರಣ ಕೊಟ್ಟೆ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅಥಣಿಗೆ ಹೊರಟಿದ್ದೆ, ಅಲ್ಲಿಯೂ ತರಬೇತಿ. ಬಸ್ಸು ಕಾಗವಾಡದ ನಿಲ್ದಾಣದಲ್ಲಿ ನಿಂತಿತು. ಡ್ರೈವರ್ ಚಹಾಕ್ಕೆ ಇಳಿದ. ಕಬ್ಬಿನ ಕಾಲ, ರಸ್ತೆಯ ಮೇಲೆ ಟ್ರ್ಯಾಕ್ಟರುಗಳ ಸಾಲು, ಧೂಳು. ಕಿಟಕಿಯಿಂದ ನೋಡಿದರೆ ಕಲ್ಲು ಬೆಂಚಿನ ಮೇಲೆ ವೈನಿ ಕೂತಿದ್ದರು. ಪಕ್ಕದಲ್ಲಿ ಬಿಗಿಯಾಗಿ ಜಡೆ ಹಾಕಿಕೊಂಡ ಒಬ್ಬ ಹುಡುಗಿ, ಕಾಲ ಬಳಿ ಬ್ಯಾಗು. ಮಗಳೆಂದು ಹೇಳಬೇಕಿರಲಿಲ್ಲ, ಅದೇ ಹಣೆ, ಅದೇ ಗದ್ದ. ವೈನಿ ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿ ಬಿಚ್ಚಿ, ಡಬ್ಬಿಯ ಮುಚ್ಚಳದಲ್ಲಿ ಪಲ್ಯ ಹಾಕಿ ಮಗಳ ಮುಂದೆ ಹಿಡಿದಿದ್ದರು. ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಹುಡುಗಿ ಕೈಗಡಿಯಾರ ನೋಡುತ್ತಿದ್ದಳು. ಅವ್ವ ಮುಚ್ಚಳದ ಮೇಲೆ ಧೂಳು ಬೀಳದಂತೆ ಸೆರಗು ಮರೆ ಹಿಡಿದಿದ್ದರು. ಮಗಳು ಮಿರಜದಿಂದ ಬರುವುದು ಈಗ ಇಲ್ಲಿಯ ತನಕ ಮಾತ್ರ.

ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ನಾನು ತಲೆ ಬಗ್ಗಿಸಿದೆ. ತುಂಬ ಹೊತ್ತು ಹುಡುಕಿದೆ. ಎತ್ತಿದಾಗ ವೈನಿ ನನ್ನನ್ನೇ ನೋಡುತ್ತಿದ್ದರು. ಉಣ್ಣುವಾಗ ಗುರುತಿನವರು ಕಂಡರೆ ಕರೆಯದೆ ಇರುವ ಪದ್ಧತಿ ನಮ್ಮಲ್ಲಿಲ್ಲ. ಅವರು ರೊಟ್ಟಿ ಇದ್ದ ಕೈಯನ್ನು ಸ್ವಲ್ಪ ಎತ್ತಿದರು.

“ಬರ್ರಿ ಅಕ್ಕಾರ, ಊಟಾ ಮಾಡೂನು.”

ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

“ನಂದು ಆಗೇತ್ರಿ ವೈನಿ,” ಎಂದೆ.